ಭಜನಾ ಮಂಡಳಿಗಳ ಹಾಡಿನ ಪುಸ್ತಕ

ನಮ್ಮ ಭಾಗದ ಭಜನಾ ಮಂಡಳಿಗಳಿಗೆ ಕಚೇರಿಯಿಲ್ಲ, ಅಧ್ಯಕ್ಷರಿಲ್ಲ, ರಶೀದಿ ಪುಸ್ತಕವೂ ಇಲ್ಲ. ಒಂದು ಹಾರ್ಮೋನಿಯಂ, ಒಂದು ಜೊತೆ ತಬಲಾ, ನಾಲ್ಕಾರು ಜೊತೆ ತಾಳ, ಒಂದು ದಮ್ಮಡಿ, ಎಂಟು ಹತ್ತು ಜನ ಹಾಡುವವರು ಸೇರಿದರೆ ಮಂಡಳಿ ಸಿದ್ಧವಾಯಿತು. ಪೇಟಿ ಯಾರೋ ಒಬ್ಬರ ಮನೆಯ ಅಟ್ಟದ ಮೇಲಿರುತ್ತದೆ. ತಬಲಾದ ಚರ್ಮ ಹರಿದರೆ ಊರವರೇ ಹಣ ಕೂಡಿಸಿ ಹೊಸದು ಹಾಕಿಸುತ್ತಾರೆ. ರಾತ್ರಿಯಿಡೀ ಹಾಡಿದವರಿಗೆ ಸಲ್ಲುವುದು ಒಂದು ತೆಂಗಿನಕಾಯಿ, ಒಂದು ಟವೆಲ್ಲು, ನಡುರಾತ್ರಿಗೊಮ್ಮೆ ಚಹಾ. ಯಾವ ಕಂಪನಿಯ ಹಂಗಿಗೂ ಒಳಗಾಗದೆ ತಮ್ಮ ಹಾಡನ್ನು ತಾವೇ ಹಾಡುವ ತರುಣರ ತಂಡಗಳನ್ನು ‘ಸ್ವತಂತ್ರ ಬ್ಯಾಂಡು’ಗಳೆಂದು ಪಟ್ಟಣದ ಪತ್ರಿಕೆಗಳು ಕೊಂಡಾಡುತ್ತಿವೆ. ಆ ಮಾತಿಗೆ ಅರ್ಥವಿರುವುದಾದರೆ ಜಹೀರಾಬಾದ, ನಾರಾಯಣಖೇಡ, ತಾಂಡೂರು ಸೀಮೆಯ ನಮ್ಮ ಮಂಡಳಿಗಳಷ್ಟು ಸ್ವತಂತ್ರವಾದವು ಬೇರೆ ಇರಲಾರವು.

ಈ ಮಂಡಳಿಗಳು ಕನ್ನಡದಲ್ಲಿ ಏಕೆ ಹಾಡುತ್ತವೆಂಬುದನ್ನು ನಮ್ಮ ಮನೆಗಳ ಎಳೆಯರಿಗೆ ತಿಳಿಸಿ ಹೇಳುವುದು ಅವಶ್ಯ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ, ಹಿಂದಿನ ಹೈದರಾಬಾದ ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದ ನಾರಾಯಣಖೇಡ ತಾಲ್ಲೂಕು, ನಿರ್ಣಾ ವೃತ್ತವನ್ನುಳಿದ ಜಹೀರಾಬಾದ ತಾಲ್ಲೂಕು ಮತ್ತು ಬೀದರ ತಾಲ್ಲೂಕಿನ ನ್ಯಾಲಕಲ್ ವೃತ್ತ, ಇಷ್ಟು ಭಾಗ ಆಂಧ್ರಪ್ರದೇಶಕ್ಕೆ ಸೇರಿದವು. ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳೂ ಹಾಗೆಯೇ ಈ ಕಡೆಗೆ ಬಂದವು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಹೊಸ ಜಿಲ್ಲೆಗಳಾಗಿ ಜಹೀರಾಬಾದ, ನಾರಾಯಣಖೇಡಗಳು ಸಂಗಾರೆಡ್ಡಿಗೂ ತಾಂಡೂರು ವಿಕಾರಾಬಾದಿಗೂ ಸೇರಿದವು. ಜಿಲ್ಲೆಯ ಹೆಸರು ಮೇಲಿಂದ ಮೇಲೆ ಬದಲಾದರೂ ಸೋಮವಾರದ ಭಜನೆಗೆ ಕೂಡುವ ಗುಡಿಯ ಕಟ್ಟೆ ಬದಲಾಗಲಿಲ್ಲ. ಗಡಿಗೆರೆ ಎಳೆದವರು ಕಂದಾಯದ ವೃತ್ತಗಳನ್ನು ಎಣಿಸಿದರೇ ಹೊರತು ಹಾಡಿನ ವೃತ್ತಗಳನ್ನು ಎಣಿಸಲಿಲ್ಲ. ಎಣಿಸಲು ಅವರಿಗೆ ಸಾಧ್ಯವೂ ಇರಲಿಲ್ಲವೆನ್ನಿ.

ಹಾಡುವುದು ಮುಖ್ಯವಾಗಿ ತತ್ವಪದಗಳನ್ನು. ಕಡಕೋಳದ ಮಡಿವಾಳಪ್ಪನವರು, ಅವರ ಶಿಷ್ಯರಾದ ಚೆನ್ನೂರಿನ ಜಲಾಲ ಸಾಹೇಬರು, ದೂರದ ಶಿಶುನಾಳದ ಶರೀಫ ಸಾಹೇಬರು (1819–1889), ಇವರ ಪದಗಳು ಗುಲ್ಬರ್ಗಾ, ಬೀದರ ಸೀಮೆಗಳಲ್ಲಿ ಹೇಗೋ ಇಲ್ಲಿಯೂ ಹಾಗೆಯೇ ಬಾಯಿಂದ ಬಾಯಿಗೆ ಬಂದಿವೆ. ಇವುಗಳೊಡನೆ ಹುಮನಾಬಾದಿನ ಬಳಿಯ ಮಾಣಿಕನಗರದ ಮಾಣಿಕಪ್ರಭುಗಳ (1817–1865) ಪದಗಳು ಸೇರುತ್ತವೆ. ಪ್ರಭುಗಳು ಕನ್ನಡ, ಮರಾಠಿ, ತೆಲುಗು, ಹಿಂದುಸ್ತಾನಿ ಎಂದು ಭೇದವೆಣಿಸದೆ ರಚಿಸಿದವರು. ಗುರು ಮುಸಲ್ಮಾನರೋ ಶಿಷ್ಯ ಲಿಂಗವಂತನೋ ಎಂದು ವಿಚಾರಿಸದ ಪರಂಪರೆಯಿದು. ಆದುದರಿಂದಲೇ ನಮ್ಮ ಮಂಡಳಿಗಳಲ್ಲಿ ಪೇಟಿಯ ಮುಂದೆ ಒಬ್ಬ ಸಾಬರು, ತಾಳ ಹಿಡಿದು ಒಬ್ಬ ಮಾದಿಗರ ಹಿರಿಯರು, ಸೊಲ್ಲು ಎತ್ತಲು ಒಬ್ಬ ಜಂಗಮರು ಕುಳಿತಿರುವುದನ್ನು ಕಂಡು ಯಾರೂ ಅಚ್ಚರಿಪಡುವುದಿಲ್ಲ.

ಊರಿಂದೂರಿಗೆ ಬಣ್ಣ ಸ್ವಲ್ಪ ಬೇರೆಯಾಗುತ್ತದೆ. ನಾರಾಯಣಖೇಡದ ಉತ್ತರಕ್ಕೆ ಮರಾಠಿಯ ನೆರಳು ದಟ್ಟವಾಗಿದ್ದು, ಕನ್ನಡ ಪದ ಮುಗಿಯುತ್ತಲೇ ಅಭಂಗ ಏಳುತ್ತದೆ. ತಬಲಾದ ಸ್ಥಾನವನ್ನು ಅಲ್ಲಿ ಪಖವಾಜು ಹಿಡಿದಿರುವುದೂ ಉಂಟು. ತಾಂಡೂರಿನ ಕಡೆ ತೆಲುಗಿನ ಕೋಲು ಭಜನೆಯ ಹೆಜ್ಜೆ ನಮ್ಮ ಕೋಲಾಟದೊಳಗೆ ಸೇರಿಕೊಂಡಿದೆ. ಜಹೀರಾಬಾದ ಹೈದರಾಬಾದ–ಪುಣೆ ಹೆದ್ದಾರಿಯ ಮೇಲಿನ ಊರಾದ್ದರಿಂದ ಅಲ್ಲಿ ಎಲ್ಲವೂ ಬೆರೆತಿವೆ. ಪೇಟಿಯ ವಿಷಯದಲ್ಲಿ ಒಂದು ಮಾತು. ಈ ವಾದ್ಯ ಭಾರತೀಯ ಸಂಗೀತಕ್ಕೆ ಒಗ್ಗದೆಂದು ಆಕಾಶವಾಣಿಯವರು 1940ರಿಂದ 1971ರವರೆಗೆ ಅದನ್ನು ತಮ್ಮ ಕೇಂದ್ರಗಳಿಂದ ಹೊರಗಿಟ್ಟಿದ್ದರು. ನಮ್ಮ ಹಳ್ಳಿಗಳಿಗೆ ಆ ಸುದ್ದಿ ಮುಟ್ಟಲಿಲ್ಲ. ಮುಟ್ಟಿದ್ದರೂ ನಮ್ಮವರು ಪೇಟಿಯನ್ನು ಕೆಳಗಿಡುತ್ತಿದ್ದರೆಂದು ನನಗೆ ತೋರುವುದಿಲ್ಲ.

ಭಜನೆಯ ಕ್ರಮವನ್ನು ಉಪಾಧ್ಯಾಯನ ಕಣ್ಣಿನಿಂದ ನೋಡಿದಾಗ ನನಗೊಂದು ಸಂಗತಿ ಕಂಡುಬಂದಿತು. ಮೊದಲು ಗಣಪತಿಯ ಸ್ತುತಿ, ಬಳಿಕ ಗುರುಸ್ತುತಿ, ಮೇಲೆ ಪದಗಳು, ಬೆಳಗಿನ ಜಾವಕ್ಕೆ ಮಂಗಳ. ಪ್ರತಿಯೊಂದು ಪದದಲ್ಲಿಯೂ ಮುಂದಿನವರು ಒಂದು ಸೊಲ್ಲು ಹೇಳುತ್ತಾರೆ, ಹಿಂದಿನವರು ಅದನ್ನು ಎರಡು ಸಲ ತಿರುಗಿ ಹೇಳುತ್ತಾರೆ. ಹಿಂದೆ ಕುಳಿತ ಹುಡುಗನಿಗೆ ಅಕ್ಷರ ಬಾರದಿದ್ದರೂ ಚಿಂತೆಯಿಲ್ಲ. ಹತ್ತು ಸೋಮವಾರ ಕಳೆಯುವುದರೊಳಗೆ ಅವನಿಗೆ ಪದ ಕಂಠಪಾಠವಾಗಿರುತ್ತದೆ. ಶಿಕ್ಷಕರ ತರಬೇತಿಯಲ್ಲಿ ನಮಗೆ ‘ಪುನರಾವರ್ತನೆ’ಯೆಂದು ಪಾಠ ಮಾಡಿದ್ದು ಇದನ್ನೇ. ನಾನಿರುವ ಶಾಲೆಯಲ್ಲಿ ಬೋಧನೆಯೆಲ್ಲ ತೆಲುಗಿನಲ್ಲಿ. ಗಂಟೆ ಹೊಡೆದೊಡನೆ ಅಂಗಳದಲ್ಲಿ ಮಕ್ಕಳ ಬಾಯಿಂದ ಬರುವುದು ಕನ್ನಡ. ಆ ಮಕ್ಕಳಿಗೆ ಮನೆಯ ಮಾತಿಗಿಂತ ಒಂದು ಮೆಟ್ಟಿಲು ಮೇಲಿನ ಕನ್ನಡ, ಅಂದರೆ ಕಾಯ, ಮಾಯೆ, ಅರಿವು, ಬಯಲು ಎಂಬ ಮಾತುಗಳಿರುವ ಕನ್ನಡ, ಕಿವಿಗೆ ಬೀಳುವ ತಾಣ ಭಜನೆಯ ಕಟ್ಟೆಯೊಂದೇ.

ಆದರೆ ಈಗ ಹಿಂದೆ ಕೂಡುವ ಹುಡುಗರು ಕಡಿಮೆಯಾಗಿದ್ದಾರೆ. ಪಟಾನ್‌ಚೆರುವಿನ ಕಾರ್ಖಾನೆಗಳಿಗೋ ಹೈದರಾಬಾದಿನ ಕಟ್ಟಡದ ಕೆಲಸಕ್ಕೋ ಹೋದವರು ಹಬ್ಬಕ್ಕೆ ಮಾತ್ರ ಬರುತ್ತಾರೆ. ಬಂದವರಿಗೆ ಒಂದು ರಾತ್ರಿಯಲ್ಲಿ ಪದ ಬಾಯಿಗೆ ಬರುವುದೆಂತು? ಆದುದರಿಂದ ಪುಸ್ತಕ ಬೇಕಾಗುತ್ತದೆ. ಆ ಪುಸ್ತಕದ ವಿಚಾರವನ್ನೇ ವಾಚಕರ ಮುಂದಿಡಲು ನಾನು ಈ ಲೇಖನವನ್ನು ಬರೆಯತೊಡಗಿದ್ದು.

ಹಿರಿಯರ ಬಳಿ ಇರುವ ಪುಸ್ತಕಗಳು ಕನ್ನಡ ಲಿಪಿಯವು. ಜಾತ್ರೆಯಲ್ಲಿ ಕೊಂಡ ಸಣ್ಣ ಮುದ್ರಿತ ಪ್ರತಿಗಳು, ಇಲ್ಲವೆ ಕೈಬರಹದ ವಹಿಗಳು. ತರುಣರ ಕೈಯಲ್ಲಿರುವವು ಇನ್ನೂರು ಪುಟದ ಶಾಲಾ ನೋಟುಬುಕ್ಕುಗಳು. ಅವುಗಳಲ್ಲಿ ಹಾಡು ಕನ್ನಡ, ಲಿಪಿ ತೆಲುಗು. ಇದನ್ನು ಕಂಡು ಕೋಪಿಸಿಕೊಳ್ಳಬೇಕಾದುದಿಲ್ಲ. ಎರಡೂ ಲಿಪಿಗಳು ಒಂದೇ ತಾಯಿಯ ಮಕ್ಕಳು; ತಲೆಕಟ್ಟು ಬೇರೆ, ಒಡಲು ಬಹುಮಟ್ಟಿಗೆ ಒಂದೇ. ಬರೆದುಕೊಂಡ ಹುಡುಗ ಹಾಡನ್ನು ಉಳಿಸಿಕೊಳ್ಳಬೇಕೆಂದೇ ಬರೆದುಕೊಂಡಿದ್ದಾನೆ. ಅವನನ್ನು ನಾನು ಮೆಚ್ಚುತ್ತೇನೆ.

ಹೀಗಿದ್ದರೂ ನಷ್ಟವಾಗುವುದು ಏನೆಂಬುದನ್ನು ನೋಡಬೇಕು. ತೆಲುಗು ಓದಿ ಬೆಳೆದ ನಾಲಿಗೆಗೆ ‘ಚಳಿ’ ಎಂಬಲ್ಲಿಯ ಚಕಾರ ‘ತ್ಸ’ ಎಂದು ಹೊರಡುತ್ತದೆ. ತೆಲುಗಿನಲ್ಲಿ ಅದೇ ಮಾತಿಗೆ ಆ ಉಚ್ಚಾರವೇ ಸರಿಯಾದುದು. ಇದು ಸಣ್ಣ ದೋಷ, ತಾಳದ ಸದ್ದಿನಲ್ಲಿ ಅಡಗಿಹೋಗುತ್ತದೆ. ಅದಕ್ಕಿಂತ ಹೆಚ್ಚಿನದು ಬೇರೆಯಿದೆ. ಒಂದು ನೋಟುಬುಕ್ಕಿನಲ್ಲಿ ‘ಅರಿವು’ ಇರಬೇಕಾದೆಡೆಯಲ್ಲೆಲ್ಲ ‘ಎರುಕ’ ಎಂದು ಬರೆದಿದ್ದುದನ್ನು ಕಂಡೆ. ತೆಲುಗಿನ ‘ಎರುಕ’ಕ್ಕೂ ಅದೇ ಅರ್ಥ. ಎರಡರಲ್ಲಿಯೂ ಮೂರು ಲಘುಗಳಿರುವುದರಿಂದ ತಾಳಕ್ಕೆ ಭಂಗವಿಲ್ಲ, ಹಾಡುವವರಿಗೂ ಕೇಳುವವರಿಗೂ ವ್ಯತ್ಯಾಸ ತಿಳಿಯಲೇ ಇಲ್ಲ. ಆದರೆ ಅರಿವಿನ ಜೋಡಿ ಮರವು. ಪದಕಾರರು ಈ ಎರಡು ಮಾತುಗಳನ್ನು ಎದುರುಬದುರು ನಿಲ್ಲಿಸಿ ಪ್ರಾಸ ಕಟ್ಟಿದವರು. ‘ಎರುಕ’ದ ಎದುರಿಗೆ ‘ಮರವು’ ನಿಂತಾಗ ಪ್ರಾಸ ಮುರಿಯುತ್ತದೆ. ಪ್ರಾಸ ಮುರಿದ ಸೊಲ್ಲು ನೆನಪಿನಲ್ಲಿ ನಿಲ್ಲುವುದಿಲ್ಲವಾಗಿ ಮುಂದೆ ಬರೆದುಕೊಳ್ಳುವವನು ಅದನ್ನೂ ಬದಲಿಸುತ್ತಾನೆ. ಮೂರು ನೋಟುಬುಕ್ಕು ದಾಟುವಷ್ಟರಲ್ಲಿ ಪದ ಕನ್ನಡವೂ ಅಲ್ಲ, ತೆಲುಗೂ ಅಲ್ಲ ಎಂಬ ಸ್ಥಿತಿಗೆ ಬರುತ್ತದೆ. ತೆಲುಗಿನಲ್ಲಿ ಸೊಗಸಾದ ತತ್ವಗಳಿವೆ. ಬೇಕಾದವರು ಅವನ್ನು ಅವುಗಳ ರೂಪದಲ್ಲಿಯೇ ಹಾಡಲಿ, ಹಾಡುತ್ತಲೂ ಇದ್ದಾರೆ. ನಾನು ಹೇಳುತ್ತಿರುವುದು ಕಲಬೆರಕೆಯಾಗಿ ಎರಡೂ ಕೆಡುವುದನ್ನು ಕುರಿತು.

ಮಂಡಳಿಗಳ ಕೊರಗಿಗೆ ಡಿ.ಜೆ. ಕಾರಣವೆಂದು ನಮ್ಮಲ್ಲಿ ಅನೇಕರು ದೂರುತ್ತಾರೆ. ಗಣೇಶನ ಮೆರವಣಿಗೆಯಲ್ಲಿಯೂ ಮದುವೆಯ ದಿಬ್ಬಣದಲ್ಲಿಯೂ ಅದರ ಅಬ್ಬರ ಎದೆಗೂಡನ್ನು ಅಲುಗಿಸುವುದು ನಿಜ. ಹಲಗೆ, ಸನಾಯಿಯವರ ಹೊಟ್ಟೆಯ ಮೇಲೆ ಅದು ಹೊಡೆದಿರುವುದೂ ನಿಜ. ಆದರೆ ಭಜನೆಗೆ ಅದು ಶತ್ರುವಲ್ಲವೆಂದು ನನ್ನ ಅಭಿಪ್ರಾಯ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕು. ನಮ್ಮ ಭಜನೆಗೆ ಕಳೆ ಕಟ್ಟುವುದೇ ಆ ಹೊತ್ತಿನ ಮೇಲೆ, ಅದೂ ಮೈಕಿನ ಹಂಗಿಲ್ಲದೆ.

ಮುಂಬರುವ ಕೂಟಗಳ ವಿಷಯ. ಪರವೂರಿನಲ್ಲಿರುವ ವಾಚಕರು ರಜೆಯನ್ನು ಹೊಂದಿಸಿಕೊಳ್ಳಲು ಅನುಕೂಲವಾಗಲೆಂದು ತಿಥಿಗಳನ್ನು ಹೇಳುತ್ತೇನೆ. ತಾರೀಖನ್ನು ಪಂಚಾಂಗ ನೋಡಿ ತಿಳಿಯತಕ್ಕದ್ದು. ಶ್ರಾವಣದ ಸೋಮವಾರಗಳಂದು ಹೆಚ್ಚುಕಡಿಮೆ ಎಲ್ಲ ಮಂಡಳಿಗಳೂ ಕೂಡುತ್ತವೆ. ಹೊಸಬರು ಬಂದು ಕೂಡಲು ಇದೇ ತಕ್ಕ ಕಾಲ. ಮಾರ್ಗಶಿರದ ದತ್ತ ಜಯಂತಿಗೆ ಮಾಣಿಕನಗರದಲ್ಲಿ ನಡೆಯುವ ಪ್ರಭು ದರಬಾರಿನಲ್ಲಿ ದೊಡ್ಡ ಗವಾಯಿಗಳ ಹಾಡುಗಾರಿಕೆಯನ್ನು ಕೇಳಬಹುದು. ಜಹೀರಾಬಾದಿನಿಂದ ಅದೇ ಹೆದ್ದಾರಿಯಲ್ಲಿ ಪಡುವಣಕ್ಕೆ ಹೋದರಾಯಿತು, ಹುಮನಾಬಾದು. ಬೇಸಿಗೆಯಲ್ಲಿ ತಾಂಡೂರಿನ ಭದ್ರೇಶ್ವರನ ಜಾತ್ರೆ. ಬೀದರ ಜಿಲ್ಲೆಯ ಭಾವಗಿಯ ಹೆಸರನ್ನು ಇಂದಿಗೂ ತನ್ನ ಹೆಸರಿಗೆ ಸೇರಿಸಿಕೊಂಡಿರುವ ಈ ದೇವರ ತೇರಿಗೆ ಕರ್ನಾಟಕದ ಕಡೆಯಿಂದಲೂ ಜನ ಬರುತ್ತಾರೆ.

ಆದರೆ ನನ್ನನ್ನು ಕೇಳಿದರೆ, ತಪ್ಪಿಸಬಾರದ ರಾತ್ರಿ ಶಿವರಾತ್ರಿ, ತಾಣ ಝರಾಸಂಗಮ. ಶಿವನಿಗೆ ವರ್ಜ್ಯವೆಂದು ಹೇಳುವ ಕೇದಗೆಯ ಹೂ ಸಲ್ಲುವ ಗುಡಿ ಅಲ್ಲಿಯ ಕೇತಕಿ ಸಂಗಮೇಶ್ವರನದು. ತೆಲುಗರು, ಮರಾಠರು, ಕನ್ನಡಿಗರು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಜಾಗರಣೆಗೆಂದು ಕುಳಿತ ಒಂದು ಗುಂಪು ಪದ ಮುಗಿಸಿದಾಗ ಹತ್ತು ಮಾರು ದೂರದ ಇನ್ನೊಂದು ಗುಂಪು ಬೇರೆ ಭಾಷೆಯಲ್ಲಿ ಉತ್ತರ ಕೊಟ್ಟಂತೆ ಎತ್ತಿಕೊಳ್ಳುತ್ತದೆ. ಸ್ಪರ್ಧೆಯಿಲ್ಲ, ಬಹುಮಾನವಿಲ್ಲ, ಯಾರು ಹೆಚ್ಚೆಂಬ ವಾದವಿಲ್ಲ. ಚಹಾದಂಗಡಿಯ ಮುಂದೆ ಮಾತ್ರ ಆ ವಾದ ಸ್ವಲ್ಪ ನಡೆಯುವುದುಂಟು.

ಇಷ್ಟು ಹೊತ್ತು ಗಂಡಸರ ಮಂಡಳಿಗಳನ್ನೇ ಹೇಳಿದೆ. ಹೆಣ್ಣುಮಕ್ಕಳ ಹಾಡು ಇದಕ್ಕಿಂತ ದೊಡ್ಡ ಭಂಡಾರ. ಬೀಸುವ ಪದ, ತೊಟ್ಟಿಲ ಪದ, ಮದುವೆಯ ಸೋಬಾನ. ಬೀಸುವ ಕಲ್ಲು ಮೂಲೆ ಸೇರಿ ಗಿರಣಿ ಬಂದ ಮೇಲೆ ಬೀಸುವ ಪದಕ್ಕೆ ಹೊತ್ತೇ ಇಲ್ಲದಂತಾಯಿತು. ಈ ವಿಷಯದಲ್ಲಿ ನಮ್ಮ ಕಣ್ಣೆದುರಿಗೇ ಒಂದು ಮಾದರಿಯುಂಟು. ಜಹೀರಾಬಾದಿನ ಬಳಿಯ ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು ‘ಸಂಘಂ ರೇಡಿಯೋ’ ಆರಂಭವಾಯಿತು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಶ್ರಯದ ಈ ಸಮುದಾಯ ಬಾನುಲಿಯನ್ನು ನಡೆಸಲು ಕುಳಿತವರು ಹಳ್ಳಿಯ ದಲಿತ ಹೆಣ್ಣುಮಕ್ಕಳು. ಧ್ವನಿಮುದ್ರಣ ಯಂತ್ರವನ್ನು ತಾವೇ ಹಿಡಿದು ತಮ್ಮ ಅಜ್ಜಿಯರ ಹಾಡು, ಬಿತ್ತನೆಯ ಹಾಡು, ಔಷಧಿ ಬೇರುಗಳ ಮಾಹಿತಿ ಮೊದಲಾದುವನ್ನು ಕೂಡಿಹಾಕಿದರು. ಕೇಂದ್ರದ ಭಾಷೆ ತೆಲುಗು. ಆದರೂ ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ, 2023ರಲ್ಲಿ ತೀರಿಕೊಂಡ ಪಿ. ವಿ. ಸತೀಶರು ಮೈಸೂರಿನವರೆಂಬುದನ್ನು ನಮ್ಮವರು ತಿಳಿದಿರಬೇಕು. ಓದು ಬರಹ ಹೆಚ್ಚಾಗಿ ಬಾರದ ಹೆಣ್ಣುಮಕ್ಕಳು ಮಾಡಿದ ಈ ಕೆಲಸವನ್ನು ಪದವೀಧರರಿರುವ ನಮ್ಮ ಮನೆಗಳು ಕನ್ನಡದ ಹಾಡುಗಳಿಗೆ ಮಾಡಿಲ್ಲ.

ಈಗ ಎಲ್ಲರ ಕಿಸೆಯಲ್ಲಿಯೂ ಮೊಬೈಲಿದೆ, ಮುದ್ರಣ ಕಷ್ಟವಲ್ಲ. ಆದರೆ ಮುದ್ರಿಸಿಕೊಂಡು ಬಿಟ್ಟರೆ ಸಾಲದು. ಫೋನು ಕೆಡುತ್ತದೆ, ಹೊಸದು ಬರುತ್ತದೆ, ಹಳೆಯದರೊಡನೆ ಹಾಡು ಹೋಗುತ್ತದೆ. ಮುದ್ರಿಸಿಕೊಂಡ ವಾರದೊಳಗೆ ಕನ್ನಡ ಲಿಪಿಯಲ್ಲಿ ಬರೆದಿಡಬೇಕು. ಅಂಕಿತ ಯಾರದು, ಹೇಳಿಕೊಟ್ಟವರು ಯಾರು, ಅವರು ಎಲ್ಲಿ ಕಲಿತರು, ಯಾವ ತಿಥಿಗೆ ಹಾಡುವುದು ಎಂಬುದನ್ನು ತಲೆಯಲ್ಲಿ ನಮೂದಿಸಬೇಕು. ತಿಳಿಯದ ಮಾತು ಬಂದರೆ ಕೇಳಿದ ಹಾಗೆಯೇ ಬರೆದು ಅಡಿಯಲ್ಲಿ ಗೆರೆ ಎಳೆಯಬೇಕೇ ವಿನಾ ತಿಳಿದ ಮಾತನ್ನು ಅಲ್ಲಿ ಕೂಡಿಸಬಾರದು. ತೆಲುಗು ಬಲ್ಲ ಮಗುವಿಗೆ ಕನ್ನಡದ ಅಕ್ಷರಗಳನ್ನು ಕಲಿಸಲು ಒಂದು ತಿಂಗಳ ಸಂಜೆಗಳು ಸಾಕೆಂಬುದು ನನ್ನ ಅನುಭವ. ಅಂಥ ಮಗುವಿಗೆ ಮೊದಲ ಪಾಠವಾಗಿ ತನ್ನ ಅಜ್ಜ ಹಾಡುವ ಪದವನ್ನೇ ಕೊಡಬೇಕು. ಅರ್ಧ ಓದುವುದರೊಳಗೆ ಉಳಿದರ್ಧ ಬಾಯಿಗೆ ತಾನಾಗಿ ಬರುತ್ತದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಶಾಲೆಯ ಇಬ್ಬರು ಏಳನೆಯ ತರಗತಿಯ ಮಕ್ಕಳು ಹೀಗೆ ಬರೆದುಕೊಳ್ಳಲು ಒಬ್ಬ ವೃದ್ಧ ಗಾಯಕರ ಬಳಿಗೆ ಹೋದರು, ಜೊತೆಗೆ ನಾನೂ ಹೋಗಿದ್ದೆ. ನಿಧಾನವಾಗಿ ಹೇಳಿ ಬರೆಸಿರೆಂದರೆ ಅವರಿಗೆ ಎರಡನೆಯ ಸೊಲ್ಲಿಗೇ ಮರೆತುಹೋಗುತ್ತಿತ್ತು. “ಹೇಳಂದ್ರ ಬರಲ್ರಿ ಸರ, ಹಾಡಂದ್ರ ಬರ್ತದ,” ಎಂದರು. ಪೇಟಿ ತರಿಸಲಾಯಿತು. ಹಿಂದಿನ ಸೊಲ್ಲು ಹೇಳುವವರಿಲ್ಲದೆ ಹಾಡು ಏಳದೆಂದು ನೆರೆಮನೆಯ ಇಬ್ಬರನ್ನು ಕರೆಸಿದರು. ಮುಂದಿನವರು ಒಂದು ಸಲ, ಹಿಂದಿನವರು ಎರಡು ಸಲ ಹೇಳುವಷ್ಟರಲ್ಲಿ ಮಕ್ಕಳಿಗೆ ಒಂದು ಸಾಲು ಬರೆದುಕೊಳ್ಳಲು ಸರಿಯಾಗಿ ಸಮಯ ಸಿಕ್ಕಿತು. ಮೂರು ರಾತ್ರಿಗಳಲ್ಲಿ ಹನ್ನೊಂದು ಪದಗಳಾದವು. ಇನ್ನೂ ನಲವತ್ತರಷ್ಟು ಇವೆಯೆಂದು ಅಜ್ಜ ಹೇಳಿದ್ದಾರೆ, ಶ್ರಾವಣಕ್ಕೆ ಮಕ್ಕಳನ್ನು ಕರೆದುಕೊಂಡು ಬರಲು ಹೇಳಿದ್ದಾರೆ.