ಬಿಟ್ಟಿಯನ್ನು ಬಿಡಿಸಿದ ಗೋದಾವರಿ ಪರುಳೇಕರ



ಕಳೆದ ವರ್ಷ ಒಂಬತ್ತನೆಯ ಇಯತ್ತೆಯಲ್ಲಿ ಪಾಠ ಹೇಳುತ್ತಿದ್ದಾಗ ‘ಬಿಟ್ಟಿ’ ಎಂಬ ಶಬ್ದ ಬಂದಿತು. ಬಿಟ್ಟಿಯೆಂದರೆ ಪುಕ್ಕಟೆಯಾಗಿ ಸಿಕ್ಕುವ ವಸ್ತುವೆಂದೇ ಬಹುಮಂದಿ ಬಗೆದಿದ್ದರು. ಮೂಲದಲ್ಲಿ ಅದು ಕೂಲಿಯನ್ನು ಕೊಡದೆ ಬಲವಂತದಿಂದ ಮಾಡಿಸುವ ದುಡಿಮೆ. ಸಂಸ್ಕೃತದ ‘ವಿಷ್ಟಿ’ಯೇ ನಮ್ಮಲ್ಲಿ ಬಿಟ್ಟಿಯಾಗಿಯೂ ಮರಾಠಿಯಲ್ಲಿ ‘ವೇಠ’ವಾಗಿಯೂ ಉಳಿದಿದೆ ಎಂದು ವಿವರಿಸಿದೆನು. ಆಗ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ಸರ, ನಮ್ಮಪ್ಪಗ ಮುಕಾದಮ ಮೂರು ವಾರದ ಪಗಾರ ಕೊಟ್ಟಿಲ್ರಿ. ಅದೂ ಬಿಟ್ಟಿನ ಏನ್ರಿ?” ಎಂದು ಕೇಳಿದನು. ತರಗತಿಯಲ್ಲಿ ಯಾರೂ ನಗಲಿಲ್ಲ. ಅಷ್ಟರಲ್ಲಿ ಗಂಟೆಯಾಯಿತು, ನಾನು ಉತ್ತರ ಹೇಳದೆ ಹೊರಬಂದೆನು. ಇದೇ ಪುಣೆಯಲ್ಲಿ ಹುಟ್ಟಿ, ಬಿಟ್ಟಿಯ ವಿರುದ್ಧ ಹೋರಾಡಿದ ಒಬ್ಬ ಮಹಿಳೆಯ ಚರಿತ್ರೆಯನ್ನು ಆ ಹುಡುಗನ ಸಲುವಾಗಿಯೇ ಇಲ್ಲಿ ಬರೆದಿದ್ದೇನೆ.

ಗೋದಾವರಿ ಗೋಖಲೆಯವರು ಜನಿಸಿದುದು 1907ರಲ್ಲಿ. ತಂದೆ ಹೆಸರಾಂತ ವಕೀಲರು. ಮಗಳು ಫರ್ಗ್ಯುಸನ್ ಕಾಲೇಜಿನಲ್ಲಿ ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದಿ, ತರುವಾಯ ಕಾನೂನಿನ ಪದವಿಯನ್ನೂ ಪಡೆದರು. ವಕೀಲಿಯನ್ನೇ ಹಿಡಿದಿದ್ದರೆ ಸುಖಕ್ಕೆ ಕೊರತೆಯಿರುತ್ತಿರಲಿಲ್ಲ. ಆದರೆ ಸ್ವಾತಂತ್ರ್ಯದ ಚಳವಳಿಯಲ್ಲಿ ಧುಮುಕಿ 1932ರಲ್ಲಿ ಸೆರೆಮನೆ ಸೇರಿದರು. ತಂದೆಗೆ ಅದು ಸರಿಬೀಳದೆ ತವರಿನ ಬಾಗಿಲು ಮುಚ್ಚಿತು. ಮುಂಬಯಿಗೆ ಹೋದ ಆಕೆ, ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ಸರ್ವಂಟ್ಸ್ ಆಫ್ ಇಂಡಿಯಾ ಸೊಸಾಯಿಟಿಯನ್ನು ಸೇರಿದರು. ಅದರ ಆಜೀವ ಸದಸ್ಯತ್ವ ದೊರೆತ ಮೊದಲನೆಯ ಮಹಿಳೆ ಅವರೇ. ವಯಸ್ಕರಿಗೆ ಅಕ್ಷರ ಕಲಿಸಿದರು. ಮನೆಗೆಲಸದವರ ಸಂಘವನ್ನು ಕಟ್ಟಿದರು. ಮನೆಗೆಲಸವೂ ಒಂದು ಉದ್ಯೋಗ, ಅದಕ್ಕೂ ಹಕ್ಕುಗಳುಂಟು ಎಂಬ ಮಾತು ಅಂದಿಗೆ ಹೊಸದು. ನಿಮ್ಮಲ್ಲಿ ಕೆಲವರ ತಾಯಂದಿರು ಇಂದಿಗೂ ಅದನ್ನು ಹೊಸ ಮಾತೆಂದೇ ಹೇಳಬಹುದು! 1939ರಲ್ಲಿ ಶಾಮರಾವ ಪರುಳೇಕರರನ್ನು ವಿವಾಹವಾಗಿ, ಸೊಸಾಯಿಟಿಯಿಂದ ಹೊರಬಂದು, ಕಮ್ಯುನಿಸ್ಟ ಪಕ್ಷವನ್ನು ಸೇರಿದರು. ಆ ಪಕ್ಷದ ತತ್ತ್ವವನ್ನು ಒಪ್ಪುವುದು ಬಿಡುವುದು ನೀವು ದೊಡ್ಡವರಾದ ಮೇಲಿನ ವಿಚಾರ.

ಅದೇ ಕಾಲಕ್ಕೆ ಅಮೆರಿಕದಲ್ಲಿ ಫ್ರಾನ್ಸಿಸ್ ಪರ್ಕಿನ್ಸ ಎಂಬ ಮಹಿಳೆಯು ಕಾರ್ಮಿಕ ಖಾತೆಯ ಸಚಿವೆಯಾಗಿದ್ದರು. 1933ರಲ್ಲಿ ಆ ದೇಶದ ಮಂತ್ರಿಮಂಡಲವನ್ನು ಪ್ರವೇಶಿಸಿದ ಮೊದಲ ಸ್ತ್ರೀಯಾದ ಆಕೆಯ ಪ್ರಯತ್ನದಿಂದ 1938ರಲ್ಲಿ ಕನಿಷ್ಠ ಕೂಲಿಯ ಕಾಯಿದೆಯಾಯಿತು. ನಮ್ಮ ಗೋದಾವರಿಬಾಯಿಯವರಿಗೆ ಅಂಥ ಕುರ್ಚಿಯೂ ಇರಲಿಲ್ಲ, ಮೊಹರೂ ಇರಲಿಲ್ಲ. ಅವರು ಕಾಲ್ನಡಿಗೆಯಲ್ಲಿ ಕಾಡಿಗೆ ಹೋದರು.

ಆ ಕಾಡು ಮುಂಬಯಿಯ ಉತ್ತರಕ್ಕೆ, ಅಂದಿನ ಠಾಣೆ ಜಿಲ್ಲೆಯ ಡಹಾಣು, ಉಂಬರಗಾವ ತಾಲೂಕುಗಳಲ್ಲಿತ್ತು. ವಾರ್ಲಿ ಎಂಬ ಆದಿವಾಸಿಗಳು ಅಲ್ಲಿಯ ನಿವಾಸಿಗಳು. ಇವರು ಗೋಡೆಯ ಮೇಲೆ ಬಿಳಿಯ ಬಣ್ಣದಿಂದ ಬರೆಯುವ ಚಿತ್ರಗಳನ್ನು ನೀವು ನೋಡಿರುತ್ತೀರಿ. ಕುಣಿಯುವ ಆ ಚಿತ್ರಗಳ ಹಿಂದಿನ ಬದುಕು ಹೀಗಿತ್ತು. ಜಮೀನುದಾರನು ಕರೆದಾಗ ತಮ್ಮ ಹೊಲವನ್ನು ಬಿಟ್ಟು ಅವನ ಹೊಲದಲ್ಲಿ ಬಿಟ್ಟಿ ದುಡಿಯಬೇಕು, ಹೋಗದಿದ್ದರೆ ಹೊಡೆತ. ಮದುವೆಗೆಂದು ಸಾಲ ಪಡೆದವನು ಹೆಂಡತಿಯೊಡನೆ ಸಾಹುಕಾರನ ಮನೆಯಲ್ಲಿ ಜೀತಕ್ಕಿರಬೇಕು. ಇಂಥವನಿಗೆ ‘ಲಗ್ನಗಡಿ’ ಎಂದು ಹೆಸರು. ಸರಕಾರಕ್ಕೆ ಇದು ತಿಳಿಯದ ಸಂಗತಿಯಲ್ಲ. ಸಿಮಿಂಗ್ಟನ್ ಎಂಬ ಅಧಿಕಾರಿಯು 1930ರ ದಶಕದ ಕೊನೆಗೆ ಇದನ್ನೆಲ್ಲ ವರದಿಯಲ್ಲಿ ಬರೆದಿದ್ದನು. ವರದಿಯಿಂದ ವಾರ್ಲಿಯ ಬೆನ್ನಿನ ಭಾರವಂತೂ ಇಳಿಯಲಿಲ್ಲ.

1945ರ ಮೇ 23ರಂದು ಝರಿ ಎಂಬ ಹಳ್ಳಿಯಲ್ಲಿ ಸುಮಾರು 5000 ವಾರ್ಲಿಗಳು ನೆರೆದರು. ಬಿಟ್ಟಿ ದುಡಿಯತಕ್ಕದ್ದಲ್ಲ, ದಿನಕ್ಕೆ 12 ಆಣೆ, ಅಂದರೆ ಮುಕ್ಕಾಲು ರೂಪಾಯಿ, ನಗದು ಕೂಲಿ ಇಲ್ಲದೆ ಜಮೀನುದಾರನ ಹೊಲಕ್ಕೆ ಕಾಲಿಡತಕ್ಕದ್ದಲ್ಲ ಎಂದು ನಿಶ್ಚಯಿಸಿದರು. ಹೊಸ ಕಾನೂನೇನೂ ಬಂದಿರಲಿಲ್ಲ. ಹಳ್ಳಿಯಿಂದ ಹಳ್ಳಿಗೆ ಸುದ್ದಿ ಹಬ್ಬಿತು. ಜನರು ಕರೆದಲ್ಲಿಗೆ ಹೋಗುವುದನ್ನು ನಿಲ್ಲಿಸಿದರು. ಅಷ್ಟೇ. ತಲೆತಲಾಂತರದ ಪದ್ಧತಿಯು ಕೆಲವೇ ವಾರಗಳಲ್ಲಿ ಕುಸಿಯಿತು. ನನಗೆ ಅತ್ಯಂತ ಆಶ್ಚರ್ಯಕರವಾಗಿ ತೋರುವುದು ಇದೇ. ಬಾಯಿಯವರು ಅವರಿಗೆ ಕೊಟ್ಟುದು ಹಣವಲ್ಲ, ಆಯುಧವಲ್ಲ. ‘ಒಲ್ಲೆ’ ಎನ್ನುವಾಗ ಪಕ್ಕದವನೂ ಒಲ್ಲೆನೆನ್ನುವನೆಂಬ ನಂಬಿಕೆಯನ್ನು.

ಅದಕ್ಕೆ ಬೆಲೆಯೂ ತೆರಬೇಕಾಯಿತು. 500 ಪೌಂಡು ಹುಲ್ಲು ಕೊಯ್ಯಲು ಎರಡೂವರೆ ರೂಪಾಯಿ ಬೇಕೆಂದು ಆ ಶರತ್ಕಾಲದಲ್ಲಿ ಮುಷ್ಕರ ಹೂಡಿದರು. ಗೋದಾವರಿಬಾಯಿಯವರ ಪ್ರಾಣಕ್ಕೆ ಅಪಾಯವಿದೆಯೆಂಬ ಸುಳ್ಳುಸುದ್ದಿಯನ್ನು ಕೇಳಿ ಅಕ್ಟೋಬರ 10ರಂದು ಸಾವಿರಾರು ಜನರು ತಲವಾಡಾದಲ್ಲಿ ಕೂಡಿದಾಗ ಪೋಲೀಸರು ಗುಂಡು ಹಾರಿಸಿದರು. ಜೇಠ್ಯಾ ಗಾಂಗಡ ಮೊದಲಾದ ಐವರು ಮಡಿದರು. ಮರುವರ್ಷ ಸರಕಾರವು ಬಾಯಿಯವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. ಆದರೆ ನಿಂತ ಬಿಟ್ಟಿ ಮರಳಲಿಲ್ಲ. ಈ ಕಥೆಯನ್ನು ಅವರೇ ಬರೆದ ಮರಾಠಿ ಗ್ರಂಥ ‘ಜೇವ್ಹಾ ಮಾಣೂಸ ಜಾಗಾ ಹೋತೋ’ 1972ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. ನಿಮಗೆ ಮರಾಠಿ ಬರುತ್ತದೆ, ಓದಿರಿ.

ಅವರು ತೀರಿಕೊಂಡುದು 1996ರಲ್ಲಿ. ಜನರು ಪ್ರೀತಿಯಿಂದ ‘ಗೋದುತಾಈ’, ಅಂದರೆ ಗೋದು ಅಕ್ಕ, ಎಂದು ಕರೆಯುತ್ತಿದ್ದರು. ಸೊಲ್ಲಾಪುರದ ಬಳಿಯ ಕುಂಭಾರಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಗಾಗಿ ನಿರ್ಮಿಸಿ 2006ರಲ್ಲಿ ಒಪ್ಪಿಸಲಾದ 10,000 ಮನೆಗಳ ವಸತಿಗೆ ಅದೇ ಹೆಸರು. ಸೂಟಿಯಲ್ಲಿ ಅಕ್ಕಲಕೋಟೆಯ ಹಾದಿಯಿಂದ ಊರಿಗೆ ಹೋಗುವವರು ಅದನ್ನು ಕಾಣಬಹುದು.

ಇನ್ನು ಆ ಹುಡುಗನ ಪ್ರಶ್ನೆ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 23ನೆಯ ಅನುಚ್ಛೇದವು ಬಿಟ್ಟಿಯನ್ನು ನಿಷೇಧಿಸಿದೆ. ದಿಲ್ಲಿಯಲ್ಲಿ ಏಷ್ಯಾಡ್ ಕ್ರೀಡೆಗಳ ಕಟ್ಟಡಗಳಿಗೆ ದುಡಿದವರ ಕೂಲಿಯಲ್ಲಿ ಮಧ್ಯವರ್ತಿಗಳು ಪಾಲು ಹೊಡೆಯುತ್ತಿದ್ದ ಮೊಕದ್ದಮೆಯಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೂ ಅದು ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ ತೀರ್ಪಿತ್ತಿತು. ಆದುದರಿಂದ, ಅಹುದಪ್ಪಾ, ಅದೂ ಬಿಟ್ಟಿಯೇ.

ಮುಕಾದಮನು ಆಮೇಲೆ ಎರಡು ವಾರದ ಪಗಾರ ಕೊಟ್ಟನಂತೆ. ಒಂದು ವಾರದ್ದು ಇನ್ನೂ ಬರಬೇಕಾಗಿದೆ.