ದಡ್ಡಿಯ ಕರೆಂಟ್ ಬಿಲ್ಲು, ಎಐ ಏಜೆಂಟಿನ ಟೂಲು

ಹುಕ್ಕೇರಿ ತಾಲ್ಲೂಕಿನ ದಡ್ಡಿಯ ರೈತರೊಬ್ಬರು ಫೋನಿನಲ್ಲಿರುವ ಎಐ ಏಜೆಂಟನ್ನು ಕೇಳುತ್ತಾರೆ ಎಂದುಕೊಳ್ಳೋಣ: “ಈ ತಿಂಗಳ ಕರೆಂಟ್ ಬಿಲ್ ಎಷ್ಟ ಬಂದೈತಿ, ನೋಡಿ ಹೇಳ್ರಿ.” ಏಜೆಂಟಿನ ಬಳಿ ಒಂದು ಟೂಲ್ ಇದೆ. ಅದರ ವಿವರಣೆ ಇಷ್ಟೇ: ‘ವಿದ್ಯುತ್ ಬಿಲ್ ತೋರಿಸುತ್ತದೆ.’ ಏಜೆಂಟ್ ಅದನ್ನು ಬಳಸುತ್ತದೆ, ಟೂಲ್ ಹೆಸ್ಕಾಂ (ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ) ದಾಖಲೆಯಲ್ಲಿ ಹುಡುಕುತ್ತದೆ, ಏನೂ ಸಿಗುವುದಿಲ್ಲ. ‘ನಿಮ್ಮ ಸಂಪರ್ಕವೇ ಇಲ್ಲ’ ಎಂಬ ಉತ್ತರ ರೈತರಿಗೆ ಹೋಗುತ್ತದೆ. ಸಂಪರ್ಕವೂ ಇದೆ, ಬಿಲ್ಲೂ ಇದೆ. ಆದರೆ ಹುಕ್ಕೇರಿ ತಾಲ್ಲೂಕಿಗೆ ಕರೆಂಟ್ ಕೊಡುವುದು ಹೆಸ್ಕಾಂ ಅಲ್ಲ, 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ.

ಇಲ್ಲಿ ಕೋಡ್ ಕೆಟ್ಟಿಲ್ಲ, ವಿವರಣೆ ಕೆಟ್ಟಿದೆ. ಟೂಲ್ ಅಂದರೆ ಏಜೆಂಟ್ ಕರೆಯಬಹುದಾದ ಒಂದು ಚಿಕ್ಕ ಪ್ರೋಗ್ರಾಂ. ಅದರೊಳಗೆ ಏನು ನಡೆಯುತ್ತದೆ ಎಂಬುದು ಏಜೆಂಟನ್ನು ನಡೆಸುವ ಭಾಷಾ ಮಾದರಿಗೆ ಸಾಮಾನ್ಯವಾಗಿ ಕಾಣುವುದಿಲ್ಲ. ಅದಕ್ಕೆ ತಲುಪುವುದು ಟೂಲಿನ ಹೆಸರು, ಒಂದಿಷ್ಟು ಸಾಲಿನ ವಿವರಣೆ, ಕೊಡಬೇಕಾದ ಮಾಹಿತಿಯ ಪಟ್ಟಿ, ಇಷ್ಟು ಮಾತ್ರ. ಯಾವ ಟೂಲ್ ಕರೆಯಬೇಕು, ಯಾವ ಜಾಗದಲ್ಲಿ ಏನು ತುಂಬಬೇಕು ಎಂದು ಅದು ತೀರ್ಮಾನಿಸುವುದು ಇದನ್ನು ಓದಿಯೇ. ಓಪನ್‌ಎಐ ಟೂಲ್ ಕರೆಯುವುದಕ್ಕೆಂದು 2023ರ ಜೂನ್‌ನಲ್ಲಿ ತಂದ ಫಂಕ್ಷನ್ ಕಾಲಿಂಗ್ ಇರಲಿ, ಆಂಥ್ರೊಪಿಕ್ ಟೂಲುಗಳನ್ನು ಜೋಡಿಸಲೆಂದು 2024ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಇರಲಿ, ಇದು ಬದಲಾಗಿಲ್ಲ.

ಮೇಲಿನ ವಿವರಣೆಯನ್ನು ಹೀಗೆ ತಿದ್ದಬಹುದು: ‘ಹೆಸ್ಕಾಂ ಗ್ರಾಹಕರ ಈ ತಿಂಗಳ ಬಿಲ್ ಮೊತ್ತ ಮತ್ತು ಕಟ್ಟಬೇಕಾದ ಕೊನೆಯ ದಿನ ತಿಳಿಸುತ್ತದೆ. ಬಿಲ್ಲಿನ ಮೇಲೆ ಹುಕ್ಕೇರಿ ಸಹಕಾರಿ ಸಂಘದ ಹೆಸರಿದ್ದರೆ ಇದನ್ನು ಬಳಸಬೇಡ. ಯಾರ ಬಿಲ್ ಎಂದು ತಿಳಿಯದಿದ್ದರೆ ಮೊದಲು ಕೇಳು. ಇದು ಹಣ ಕಟ್ಟುವುದಿಲ್ಲ.’ ಯಾವಾಗ ಬಳಸಬಾರದು ಎಂಬ ಸಾಲನ್ನು ಬರೆಯುವವರು ಕಡಿಮೆ. ನನ್ನ ಮಟ್ಟಿಗೆ ಅತಿ ಮುಖ್ಯವಾದ ಸಾಲು ಅದೇ.

ಮಾಹಿತಿ ತುಂಬುವ ಜಾಗಗಳಿಗೂ ಇಷ್ಟೇ ಕಾಳಜಿ ಬೇಕು. ಪಹಣಿಯನ್ನೇ ತೆಗೆದುಕೊಳ್ಳಿ. ಬೆಳಗಾವಿ ಕಡೆಯ ರೈತರು ‘ಉತಾರ’ ಅನ್ನುತ್ತಾರೆ, ಕಚೇರಿಯಲ್ಲಿ ಆರ್‌ಟಿಸಿ ಅನ್ನುತ್ತಾರೆ. ಮೂರೂ ಹೆಸರು ವಿವರಣೆಯಲ್ಲಿರಲಿ. ಭೂಮಿ ದಾಖಲೆ ಹುಡುಕಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಲ್ಲವೂ ಬೇಕು. ‘ನಂಬರ್’ ಎಂದಷ್ಟೇ ಬರೆದ ಜಾಗದಲ್ಲಿ ಏಜೆಂಟ್ 45/2 ಎಂದು ತುಂಬಿಬಿಡುತ್ತದೆ. ‘ಸರ್ವೆ ನಂಬರ್: ಓರೆಗೆರೆಗಿಂತ ಮೊದಲಿನ ಅಂಕಿ ಮಾತ್ರ, ಉದಾಹರಣೆ 45. ಹಿಸ್ಸಾ: ಅದರ ನಂತರದ್ದು, ಉದಾಹರಣೆ 2’ ಎಂದು ಬಿಡಿಸಿ ಬರೆದರೆ ತಪ್ಪುವುದು ಕಡಿಮೆ. ತಾಲ್ಲೂಕಿನದೂ ತೊಡಕೇ. ಮೂಡಲಗಿ ಇತ್ತೀಚಿನ ವರ್ಷಗಳಲ್ಲಿ ಗೋಕಾಕದಿಂದ ಬೇರೆಯಾದ ತಾಲ್ಲೂಕು, ಹಳೆಯ ಕಾಗದಗಳಲ್ಲಿ ಅಲ್ಲಿನ ಊರುಗಳು ಗೋಕಾಕ ತಾಲ್ಲೂಕೆಂದೇ ಇರುತ್ತವೆ. ಅದನ್ನೂ ಒಂದು ಸಾಲಿನಲ್ಲಿ ಹೇಳಬೇಕು.

ಟೂಲ್ ಏನನ್ನು ವಾಪಸ್ ಕೊಡುತ್ತದೆ ಎಂಬುದನ್ನು ಅಳತೆಯ ಸಮೇತ ಬರೆಯಬೇಕು. ಹಿಡಕಲ್ ಡ್ಯಾಂ, ಅಂದರೆ ರಾಜಾ ಲಖಮಗೌಡ ಜಲಾಶಯ, ತುಂಬಿದಾಗ ಮಟ್ಟ 2,175 ಅಡಿ, ಸಂಗ್ರಹ ಸುಮಾರು 51 ಟಿಎಂಸಿ. ಡ್ಯಾಮಿನ ಸ್ಥಿತಿ ತಿಳಿಸುವ ಟೂಲ್ ಬರೀ 2150 ಎಂದು ಕೊಟ್ಟರೆ ಅದು ಅಡಿಯೋ, ನದಿಗೆ ಬಿಟ್ಟ ಕ್ಯೂಸೆಕ್ಕೋ? ದಡ್ಡಿ ಇರುವುದು ಡ್ಯಾಮಿನ ಮೇಲ್ಭಾಗದಲ್ಲಿ, ಗೋಕಾಕ ಕೆಳಭಾಗದಲ್ಲಿ. ಮಳೆಗಾಲದಲ್ಲಿ ದಡ್ಡಿಯವರಿಗೆ ಬೇಕಾದದ್ದು ಒಳಹರಿವು ಮತ್ತು ಜಲಾಶಯದ ಮಟ್ಟ, ಗೋಕಾಕದವರಿಗೆ ಹೊರಹರಿವು. 2019ರ ಆಗಸ್ಟ್‌ನ ಪ್ರವಾಹ ಕಂಡವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಮಟ್ಟ, ಒಳಹರಿವು, ಹೊರಹರಿವು ಬೇರೆ ಬೇರೆ ಹೆಸರಿನಲ್ಲಿ, ಅಳತೆ ಮತ್ತು ದಿನಾಂಕದೊಂದಿಗೆ ಬರಲಿ. ನಿನ್ನೆಯ ಅಂಕಿ ಇಂದಿನದೆಂದು ಹೋದರೆ ಅಪಾಯ.

ತಪ್ಪಿನ ಸಂದೇಶವೂ ಏಜೆಂಟ್ ಓದುವ ಬರಹವೇ. ‘ದೋಷ 404’ ಎಂದರೆ ಅದು ಊಹೆಗೆ ಇಳಿಯಬಹುದು. ‘ಈ ನಂಬರ್ ಹೆಸ್ಕಾಂನಲ್ಲಿ ಇಲ್ಲ, ಸಹಕಾರಿ ಸಂಘದ ಬಿಲ್ ಇರಬಹುದು, ಗ್ರಾಹಕರನ್ನು ಕೇಳು’ ಎಂದರೆ ದಾರಿ ಸಿಗುತ್ತದೆ. ಹಣ ಕಟ್ಟುವ ಟೂಲನ್ನಂತೂ ಬಿಲ್ ನೋಡುವ ಟೂಲಿನಿಂದ ಬೇರೆ ಇಡಬೇಕು. ಒಪ್ಪಿಗೆ ಪಡೆಯಬೇಕೆಂದು ವಿವರಣೆಯಲ್ಲಿ ಬರೆದರೆ ಸಾಲದು, ಒಪ್ಪಿಗೆ ಇಲ್ಲದೆ ಹಣ ಹೋಗದಂತೆ ಪ್ರೋಗ್ರಾಮಿನಲ್ಲೇ ತಡೆ ಇರಬೇಕು.

ಹಾಗೆಂದು ಪುಟಗಟ್ಟಲೆ ಬರೆಯುವಂತಿಲ್ಲ. ಪ್ರತಿ ವಿವರಣೆಯೂ ಮಾದರಿಯ ಓದಿನ ಮಿತಿಯಲ್ಲಿ ಜಾಗ ತಿನ್ನುತ್ತದೆ, ಖರ್ಚೂ ಹೆಚ್ಚುತ್ತದೆ. ಸಾಮಾನ್ಯ ಟೂಲಿಗೆ ನಾಲ್ಕೈದು ವಾಕ್ಯ ಸಾಕು. ಬರೆದ ಮೇಲೆ ಊರ ಜನ ಕೇಳುವ ರೀತಿಯಲ್ಲೇ ಪ್ರಶ್ನೆ ಕೇಳಿ ಪರೀಕ್ಷಿಸಿ: “ಡ್ಯಾಮಿನ್ಯಾಗ ನೀರ ಎಷ್ಟ ಐತಿ?”, “ನನ್ನ ಹೊಲದ ಉತಾರ ಬೇಕಾಗೇತಿ.” ಏಜೆಂಟ್ ತಪ್ಪು ಟೂಲ್ ಆರಿಸಿದರೆ ಮೊದಲು ವಿವರಣೆಯನ್ನು ತಿದ್ದಿ.

ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಲ್ಲಿ ಕುಳಿತು ಇಂಥ ಸೇವೆ ಕಟ್ಟುವ ಗೆಳೆಯರಲ್ಲಿ ಒಂದು ಕೋರಿಕೆ: ವಿವರಣೆ ಬರೆಯುವ ಮೊದಲು ಬಿಲ್ ಕೌಂಟರಿನವರನ್ನು, ಗ್ರಾಮ ಆಡಳಿತಾಧಿಕಾರಿಯನ್ನು, ನಾಲ್ಕು ಜನ ರೈತರನ್ನು ಮಾತಾಡಿಸಿ.