ಗೌಜಲಕ್ಕಿಗೆ ಯಾವ ಪಂಚಾಂಗ?

ಯುಗಾದಿಯ ಮಾರನೆಯ ದಿನ ಹೊಸತೊಡಕು. ಮಧುಗಿರಿ, ಶಿರಾ, ಕೊರಟಗೆರೆ ಕಡೆಯ ಹಳ್ಳಿಗಳಲ್ಲಿ ಹಿಂದಿನ ದಿನ ಬೇವು-ಬೆಲ್ಲ ತಿಂದು ಹೋಳಿಗೆ ಉಂಡವರು ಅಂದು ಬಾಡೂಟಕ್ಕೆ ಒಲೆ ಹಚ್ಚುತ್ತಾರೆ. ಈಗ ಅದು ಮಾಂಸದಂಗಡಿಯ ಮುಂದೆ ಬೆಳಗಿನ ಜಾವಕ್ಕೇ ಸಾಲು ನಿಲ್ಲುವ ಹಬ್ಬ. ಹಿಂದೆ ಹಳೇ ಮೈಸೂರಿನ ಎಷ್ಟೋ ಊರುಗಳಲ್ಲಿ ಗಂಡಸರು ಬಲೆ, ದೊಣ್ಣೆ, ನಾಯಿ ಕಟ್ಟಿಕೊಂಡು ಕುರುಚಲು ಕಾಡಿಗೆ ನುಗ್ಗುವ ದಿನ. ಅಂದು ಏನು ದಕ್ಕಿತೋ ವರ್ಷವೆಲ್ಲ ಅದೇ ದಕ್ಕುತ್ತದೆ ಎಂಬ ನಂಬಿಕೆ. ಒಂದು ಮೊಲವಾದರೂ ಬಿದ್ದರೆ ವರ್ಷ ಚೆನ್ನ.

ಬೇಟೆಗೆ ಯುಗಾದಿಯೇ ಏಕೆ ಬೇಕಿತ್ತು? ಆ ಹೊತ್ತಿಗೆ ಹೊಲಕ್ಕೆ ಹೋಗಿ ನಿಂತರೆ ಉತ್ತರ ಸಿಗುತ್ತದೆ. ರಾಗಿ ಕೊಯ್ದು, ಕಣದ ಕೆಲಸ ಮುಗಿದು ತಿಂಗಳುಗಳೇ ಆಗಿವೆ. ಹುಲ್ಲು ಸುಟ್ಟಂತೆ ಒಣಗಿದೆ. ಮೊಲಕ್ಕೆ ಅಡಗಲು ಬದುವಿನ ಪೊದೆ, ಕತ್ತಾಳೆ ಬೇಲಿ ಬಿಟ್ಟರೆ ಬೇರೆ ಜಾಗವಿಲ್ಲ. ನೀರು ಉಳಿದಿರುವುದು ಕೆಲವೇ ಕುಂಟೆಗಳಲ್ಲಿ. ಮೊದಲ ಮಳೆ ಬಿದ್ದು ಉಳುಮೆ ಶುರುವಾಗುವ ತನಕ ರೈತನಿಗೂ ಬಿಡುವು. ಮನುಷ್ಯನಿಗೆ ಪುರುಸೊತ್ತು, ಪ್ರಾಣಿಗೆ ಮರೆಯಿಲ್ಲ: ಇವೆರಡೂ ಕೂಡಿದ ದಿನವೇ ಬೇಟೆಯ ದಿನ. ಮೊಲ ಬಸುರಿಯೇ, ಹಕ್ಕಿ ಮೊಟ್ಟೆಯಿಟ್ಟಿದೆಯೇ ಎಂಬ ವಿಚಾರ ಅದರೊಳಗೆ ಬರುತ್ತಿರಲಿಲ್ಲ.

ಆ ವಿಚಾರವನ್ನು ಲೆಕ್ಕಕ್ಕಿಳಿಸಿದ್ದು ಚಳಿದೇಶಗಳ ಕಾನೂನು. ಬ್ರಿಟನ್ನಿನಲ್ಲಿ ಗ್ರೌಸ್ ಹಕ್ಕಿಯ ಬೇಟೆ ಆಗಸ್ಟ್ 12ಕ್ಕೆ ಆರಂಭ, ಡಿಸೆಂಬರ್ 10ಕ್ಕೆ ಮುಕ್ತಾಯ. ಗೌಜಲಕ್ಕಿಯ ಬಂಧುಗಳಾದ ಪಾರ್ಟ್ರಿಜ್‌ಗಳಿಗೆ ಸೆಪ್ಟೆಂಬರ್ 1ರಿಂದ ಫೆಬ್ರವರಿ 1ರವರೆಗೆ. ಮರಿಗಳು ಬೆಳೆದು ಸ್ವತಂತ್ರವಾದ ಮೇಲೆ ಬಂದೂಕು ಎತ್ತಬೇಕು, ಮುಂದಿನ ಗೂಡು ಕಟ್ಟುವ ಮೊದಲು ಇಳಿಸಬೇಕು. ಉಳಿದ ತಿಂಗಳುಗಳು ಬೇಟೆಗೆ ನಿಷಿದ್ಧ.

ಇಷ್ಟು ಕರಾರುವಾಕ್ಕಾಗಿ ದಿನಾಂಕ ಬರೆಯಲು ಅವರಿಗೆ ಸಾಧ್ಯವಾದದ್ದು ಸೂರ್ಯನಿಂದ. ಲಂಡನ್ನಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಸುಮಾರು 9 ಗಂಟೆಯ ಅಂತರ. ಕತ್ತಲಾದಾಗ ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುತ್ತದೆ. ರಾತ್ರಿ ಉದ್ದವಾದಷ್ಟೂ ಅದು ಹೆಚ್ಚು ಹೊತ್ತು ರಕ್ತದಲ್ಲಿರುತ್ತದೆ. ಅದನ್ನು ಅಳೆದೇ ಚಳಿದೇಶದ ಜಿಂಕೆಯ ದೇಹ ತಿಂಗಳನ್ನು ಗುರುತಿಸುತ್ತದೆ. ಅಮೆರಿಕದ ಬಿಳಿಬಾಲದ ಜಿಂಕೆಗಳು ಉತ್ತರದ ರಾಜ್ಯಗಳಲ್ಲಿ ನವೆಂಬರ್ ಸುಮಾರಿಗೆ ಬೆದೆಗೆ ಬಂದು, 200 ದಿನ ಗರ್ಭ ಹೊತ್ತು, ಮೇ-ಜೂನ್‌ನಲ್ಲಿ ಹುಲ್ಲು ಚಿಗುರಿರುವಾಗ ಈಯುತ್ತವೆ. ಹಿಂಡಿಗೆ ಹಿಂಡೇ ಒಂದೇ ಗಡಿಯಾರಕ್ಕೆ ನಡೆದರೆ ಕಾನೂನು ಬರೆಯುವುದು ಸುಲಭ.

ಮಧುಗಿರಿಯ ಏಕಶಿಲಾ ಬೆಟ್ಟದ ಮೇಲೆ ಆ ಗಡಿಯಾರ ಅಷ್ಟು ಗಟ್ಟಿಯಾಗಿ ಬಾರಿಸುವುದಿಲ್ಲ. ಇಲ್ಲಿ ಉದ್ದದ ಹಗಲಿಗೂ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಈ ಸೀಮೆಯ ಜೀವಗಳಿಗೆ ಹಗಲಿಗಿಂತ ಮಳೆ ಮುಖ್ಯ, ಮಳೆಯೋ ಮಾತಿಗೆ ನಿಲ್ಲುವಂಥದ್ದಲ್ಲ. ಮೇ ತಿಂಗಳಲ್ಲಿ ಗುಡುಗಿನೊಂದಿಗೆ ಒಂದಿಷ್ಟು ಸುರಿಯುತ್ತದೆ, ನಡುವೆ ಕೈಕೊಡುತ್ತದೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಉತ್ತರೆ, ಹಸ್ತ, ಚಿತ್ತೆಗಳು ಬಂದರೆ ಬಂದವು.

ಗೌಜಲಕ್ಕಿಯನ್ನೇ ತೆಗೆದುಕೊಳ್ಳಿ. ಬೆಳಗ್ಗೆ ಊರಾಚೆಯ ಬೇಲಿಸಾಲಿನಿಂದ ಗಂಟಲು ಹರಿಯುವಂತೆ ಕೂಗುವ ಹಕ್ಕಿ. ಮುಖ್ಯವಾಗಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನೆಲದ ಮೇಲೆ ಸಣ್ಣ ಕುಳಿಯಲ್ಲಿ ಆರೆಂಟು ಮೊಟ್ಟೆ ಇಡುತ್ತದೆ. ಮೊದಲ ಮಳೆಗೆ ಗೆದ್ದಲು, ಹುಳುಗಳು ಎದ್ದಾಗ ಮರಿಗಳಿಗೆ ಹಬ್ಬ. ಈಗ ಯುಗಾದಿಯನ್ನು ನೋಡಿ. ಅದು ಚಾಂದ್ರಮಾನದ ಹಬ್ಬ: 2024ರಲ್ಲಿ ಏಪ್ರಿಲ್ 9ಕ್ಕೆ ಬಂದದ್ದು 2026ರಲ್ಲಿ ಮಾರ್ಚ್ 19ಕ್ಕೆ ಬಂತು. ಒಂದು ವರ್ಷದ ಹೊಸತೊಡಕು ಗೂಡಿಗೆ ಮುಂಚೆ, ಇನ್ನೊಂದು ವರ್ಷದ್ದು ಮೊಟ್ಟೆಯ ಮೇಲೆಯೇ. ನಮ್ಮ ಪಂಚಾಂಗ ಚಂದ್ರನನ್ನು ನೋಡುತ್ತದೆ, ಗೌಜಲಕ್ಕಿ ನೆಲ ನೋಡುತ್ತದೆ.

ಮೊಲದ ಕಥೆ ಇನ್ನೂ ತೊಡಕಿನದು. ನಮ್ಮ ಕಾಡುಮೊಲ ವರ್ಷಪೂರ್ತಿ ಮರಿ ಹಾಕಬಲ್ಲದು, ಮಳೆಗಾಲದಲ್ಲಿ ಹೆಚ್ಚು. ಗರ್ಭ ಆರೇಳು ವಾರ, ಒಂದು ಸೂಲಿಗೆ ಒಂದರಿಂದ ನಾಲ್ಕು ಮರಿ. ಮನೆಯಲ್ಲಿ ಸಾಕುವ ಮೊಲದ ಮರಿಗಳು ಬೆತ್ತಲೆ, ಕುರುಡು. ಕಾಡುಮೊಲದ ಮರಿಗಳು ಮೈತುಂಬ ಕೂದಲು ಹೊತ್ತು, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತವೆ. ತಾಯಿ ಅವನ್ನು ಹುಲ್ಲಿನಲ್ಲಿ ಬಿಟ್ಟು ದೂರವೇ ಇದ್ದು, ಕತ್ತಲಾದ ಮೇಲೆ ಬಂದು ಹಾಲೂಡಿಸಿ ಹೋಗುತ್ತದೆ. ಶತ್ರುವಿಗೆ ವಾಸನೆ ಸಿಗಬಾರದೆಂಬ ಉಪಾಯ. ಆದ್ದರಿಂದ ಬಲೆಗೆ ಬಿದ್ದ ತಾಯಿಯ ಪಕ್ಕದಲ್ಲಿ ಮರಿ ಕಾಣುವುದಿಲ್ಲ. ಬೇಟೆಗಾರ ಒಂದನ್ನು ಹೊತ್ತೊಯ್ದೆ ಎಂದುಕೊಳ್ಳುತ್ತಾನೆ. ಇಂಥ ಪ್ರಾಣಿಗೆ ಯಾವ ತಿಂಗಳನ್ನು ನಿಷಿದ್ಧ ಎಂದು ಬರೆಯುವುದು?

ಕೃಷ್ಣಮೃಗವೂ ಹೀಗೆಯೇ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ, ಆಂಧ್ರದ ಗಡಿಯ ಹತ್ತಿರ, 798 ಎಕರೆಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇದೆ, ಘೋಷಣೆಯಾದದ್ದು 2007ರಲ್ಲಿ. ಊರವರ ಬಾಯಲ್ಲಿ ಅದು ಬರೀ ಜಿಂಕೆ. ಬೆದೆಯ ಕಾಲಕ್ಕೆ ಪ್ರಾಯದ ಗಂಡುಗಳ ಮೈ ಕಪ್ಪೇರುತ್ತದೆ, ಒಂದೊಂದೂ ತನ್ನ ತುಂಡು ನೆಲ ಕಾಯುತ್ತಾ ತಿರುಚುಕೊಂಬು ಹಿಂದಕ್ಕೆ ಬಾಗಿಸಿ ಮೆರೆಯುತ್ತದೆ. ಬೆದೆ ಕೆಲವು ತಿಂಗಳಲ್ಲಿ ಏರುವುದುಂಟು, ಪೂರ್ತಿ ನಿಲ್ಲುವುದಿಲ್ಲ. ಗರ್ಭ ಸುಮಾರು ಆರು ತಿಂಗಳು, ಮರಿ ಒಂದೇ, ಹುಟ್ಟಿದ ಮೊದಲ ದಿನಗಳಲ್ಲಿ ಅದು ಹುಲ್ಲಿನಲ್ಲಿ ಮಿಸುಕಾಡದೆ ಮಲಗಿರುತ್ತದೆ.

ಇವಕ್ಕೆಲ್ಲ ತಿರುಗಿ ನಿಂತದ್ದು ಶಿರಾ ತಾಲ್ಲೂಕಿನ ಕಗ್ಗಲಡುವಿನ ಬಣ್ಣದ ಕೊಕ್ಕರೆ. ಊರೊಳಗಿನ ಹುಣಸೆಮರಗಳಲ್ಲಿ ಅದು ಗೂಡು ಕಟ್ಟುವುದು ಮಳೆಗಾಲ ಕಳೆದ ಮೇಲೆ. ಕೆರೆ ಇಂಗುತ್ತಾ ಬಂದಂತೆ ಮೀನು ಒಂದೆಡೆ ಒತ್ತೊತ್ತಾಗಿ ಸಿಗುತ್ತದಲ್ಲ, ಅದು ಮರಿಗಳ ಊಟ. ಬೇರೆಯವಕ್ಕೆ ಬರುವ ಮಳೆ ಗಡಿಯಾರವಾದರೆ ಇದಕ್ಕೆ ಹೋಗುವ ನೀರು. ಅಲ್ಲಿ ಕೊಕ್ಕರೆಗೆ ಕಲ್ಲೆಸೆಯದಂತೆ ಕಾಯುತ್ತಿರುವವರು ಊರಿನ ಜನರೇ.

ನಮ್ಮ ಹಳೆಯ ಕಾನೂನುಗಳು ಚಳಿದೇಶದ ಮಾದರಿಯನ್ನೇ ಹಿಡಿದವು. 1887ರಲ್ಲಿ ಬ್ರಿಟಿಷ್ ಭಾರತದ ಕಾಡುಹಕ್ಕಿ ಕಾಯ್ದೆ, 1901ರಲ್ಲಿ ಮೈಸೂರು ಸಂಸ್ಥಾನದ ಬೇಟೆ ಮತ್ತು ಮೀನು ಸಂರಕ್ಷಣಾ ಕಾಯ್ದೆ, 1912ರಲ್ಲಿ ಮತ್ತೆ ಬ್ರಿಟಿಷ್ ಭಾರತದ್ದು. ಆಗ ಪಾವಗಡವು ಮದರಾಸು ಸೀಮೆಯೊಳಗೆ ಸಿಕ್ಕಿಕೊಂಡ ಮೈಸೂರಿನ ತುಂಡು. ಕಾಯ್ದೆ ಗಡಿಕಲ್ಲಿನಲ್ಲಿ ನಿಂತರೂ ಜಿಂಕೆ ನಿಲ್ಲಬೇಕಲ್ಲ! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೃಷ್ಣಮೃಗವನ್ನು ಮೊದಲ ಅನುಸೂಚಿಗೆ ಸೇರಿಸಿ ಪೂರ್ತಿ ಕಾಪಾಡಿತು. ಮೊಲ, ಗೌಜಲಕ್ಕಿಗಳು ಲೈಸೆನ್ಸ್ ಪಡೆದು ಹೊಡೆಯಬಹುದಾದ ‘ಸಣ್ಣ ಬೇಟೆ’ಯಾಗಿಯೇ ಉಳಿದವು. 1991ರ ತಿದ್ದುಪಡಿ ಆ ಲೈಸೆನ್ಸುಗಳನ್ನೇ ತೆಗೆದುಹಾಕಿತು. ಹನ್ನೆರಡು ತಿಂಗಳೂ ನಿಷೇಧ. ಇದನ್ನು ಅತಿರೇಕ ಎನ್ನುವವರಿದ್ದಾರೆ. ನನಗೆ ಮಾತ್ರ, ತಿಂಗಳಿಗೊಂದು ಪ್ರಾಣಿ ಈಯುವ ಈ ಒಣಸೀಮೆಗೆ ಹೊಂದುವ ಲೆಕ್ಕ ಇದೊಂದೇ ಎನಿಸುತ್ತದೆ. ವಿಚಿತ್ರವೆಂದರೆ, 1930ರ ದಶಕದಲ್ಲಿ ಅಮೆರಿಕದ ಟೆಕ್ಸಾಸ್‌ಗೆ ಒಯ್ದು ಬಿಟ್ಟ ಕೃಷ್ಣಮೃಗಗಳ ಸಂತತಿಯನ್ನು ಅಲ್ಲಿ ಹೊರಗಿನ ಪ್ರಾಣಿಯೆಂದು ವರ್ಷದ ಯಾವ ದಿನ ಬೇಕಾದರೂ ಬೇಟೆಯಾಡಬಹುದು.

ಈ ನಿಷೇಧವನ್ನು ರೈತರ ಮುಂದೆ ಸಮರ್ಥಿಸುವುದು ಕಷ್ಟವಾಗುವುದು ಕಾಡುಹಂದಿಯ ವಿಷಯದಲ್ಲಿ. ಗರ್ಭ ನಾಲ್ಕು ತಿಂಗಳಿಗೂ ಕಡಿಮೆ, ಸೂಲಿಗೆ ನಾಲ್ಕಾರು ಮರಿ. ಹೊಟ್ಟೆ ತುಂಬಿದಷ್ಟೂ ಸಂತತಿ. ಬೆಳೆಗೆ ಅಪಾಯವೆಂದು ಕಂಡರೆ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಅನುಮತಿ ಕೊಡಬಹುದು ಎನ್ನುತ್ತದೆ ಕಾಯ್ದೆಯ 11ನೇ ಸೆಕ್ಷನ್. ಬಿಹಾರ, ಉತ್ತರಾಖಂಡಗಳ ಕೆಲವು ಜಿಲ್ಲೆಗಳಲ್ಲಿ 2015-16ರಲ್ಲಿ ಕೇಂದ್ರ ಸರ್ಕಾರ ಹಂದಿಯನ್ನು ಒಂದು ವರ್ಷದ ಮಟ್ಟಿಗೆ ಉಪದ್ರವಕಾರಿ ಎಂದೇ ಘೋಷಿಸಿತ್ತು. ಪಾವಗಡ, ಶಿರಾ ಕಡೆ ನೆಲದೊಳಗೆ ಕಡಲೆಕಾಯಿ ಬಲಿಯುವ ವಾಸನೆ ಹಂದಿಯ ಮೂಗಿಗೆ ಬಡಿಯುವುದು ಸೆಪ್ಟೆಂಬರ್ ಹೊತ್ತಿಗೆ. ಅಲ್ಲಿಂದ ಗಿಡ ಕೀಳುವ ತನಕ ರೈತ ಅಟ್ಟಣೆ ಹತ್ತಿ, ಟಾರ್ಚ್ ಹಿಡಿದು, ತಗಡಿನ ಡಬ್ಬ ಬಡಿಯುತ್ತಾ ರಾತ್ರಿ ಕಳೆಯುತ್ತಾನೆ. ಅವನ ಕೆಳಗೆ, ಬದುವಿನ ಹುಲ್ಲಿನಲ್ಲಿ, ಮೊಲ ಮರಿಗೆ ಹಾಲೂಡಿಸಲು ಬಂದು ಸದ್ದಿಗೆ ಕಿವಿ ನಿಮಿರಿಸಿ ನಿಂತಿರುತ್ತದೆ.